ಸವಣೂರಿನ ದೊಡ್ಡ ಹುಣಸೆ: ಕೃಷ್ಣನ ಕಥೆ ನೆನಪಿಟ್ಟಿದ್ದು, ಮರೆತಿದ್ದು

2023ರ ಜುಲೈ. ಹಾವೇರಿ ಜಿಲ್ಲೆಯಲ್ಲಿ ಮಳೆ ಹಿಡಿದಿತ್ತು. ಸವಣೂರಿನ ದೊಡ್ಡ ಹುಣಸೆ ಮಠದ ಆವರಣದಲ್ಲಿದ್ದ ಮೂರು ಭಾರೀ ಮರಗಳಲ್ಲಿ ಒಂದು ಬೇರು ಸಮೇತ ಉರುಳಿತು.

ಮಳೆಗಾಲದಲ್ಲಿ ಮರ ಬೀಳುವುದು ಹೊಸದೇನಲ್ಲ. ಸಾಮಾನ್ಯವಾಗಿ ಗರಗಸ ಬರುತ್ತದೆ, ಲಾರಿ ಬರುತ್ತದೆ, ಸಂಜೆಯೊಳಗೆ ಜಾಗ ಖಾಲಿ. ಇಲ್ಲಿ ಹಾಗಾಗಲಿಲ್ಲ. ಬಿದ್ದ ಮರವನ್ನು ತುಂಡು ಮಾಡಲಿಲ್ಲ. ಕೊಂಬೆಗಳನ್ನು ಸವರಿದರು, ಗುಂಡಿ ತೋಡಿದರು, ಕ್ರೇನ್ ತಂದು ಎತ್ತಿ ಮತ್ತೆ ನಿಲ್ಲಿಸಿದರು. ಅಷ್ಟು ತೂಕದ, ಅಷ್ಟು ಹಳೆಯ ಮರವನ್ನು ಮತ್ತೆ ನೆಡಲು ಹೊರಡುವುದು ಸಣ್ಣ ಮಾತಲ್ಲ.

ಆ ದಿನಗಳಲ್ಲಿ ಮರದ ಸುದ್ದಿಯ ಜೊತೆಗೇ ಅದರ ಕಥೆಯೂ ಊರೂರು ತಿರುಗಿತು. ಶ್ರೀಕೃಷ್ಣ ಆಫ್ರಿಕಾದಿಂದ ತಂದು ನೆಟ್ಟ ಮರ ಇದು. ವಯಸ್ಸು ಒಬ್ಬರ ಬಾಯಲ್ಲಿ ಎರಡು ಸಾವಿರ ವರ್ಷ, ಇನ್ನೊಬ್ಬರ ಬಾಯಲ್ಲಿ ಮೂರು ಸಾವಿರ, ಮತ್ತೊಬ್ಬರ ಬಾಯಲ್ಲಿ ಐದು ಸಾವಿರ.

ಈ ಕಥೆ ನನ್ನನ್ನು ಬಹಳ ದಿನ ಕಾಡಿತು. ಇದು ಸುಳ್ಳು ಎಂದು ತಳ್ಳಿಹಾಕಿದರೆ ಕೈಗೆ ಏನೂ ಸಿಗುವುದಿಲ್ಲ. ನಿಜ ಎಂದು ಒಪ್ಪಿಬಿಟ್ಟರೂ ಅಷ್ಟೇ. ಒಂದೊಂದೇ ಎಳೆ ಬಿಡಿಸಿ ನೋಡಿದಾಗ ಮಾತ್ರ ಇದರೊಳಗೆ ಎಷ್ಟು ನೆನಪು ಅಡಗಿದೆ ಅಂತ ಗೊತ್ತಾಗುತ್ತದೆ. ಹಾಗೆ ಬಿಡಿಸಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರ ಯಾವುದು

ಹೆಸರಿನಲ್ಲಿ ಹುಣಸೆ ಇದ್ದರೂ ಇದು ಹುಣಸೆಯಲ್ಲ, ಅದರ ದಾಯಾದಿಯೂ ಅಲ್ಲ. ಇದು ಬಾವೋಬಾಬ್. ಆಫ್ರಿಕಾದ ಒಣ ಬಯಲುಗಳ ಮರ. ಹತ್ತಿ ಮತ್ತು ಬೂರುಗ ಸೇರಿರುವ ಕುಟುಂಬದ್ದು. ವೈಜ್ಞಾನಿಕ ಹೆಸರು ಅಡಾನ್ಸೋನಿಯಾ ಡಿಜಿಟಾಟಾ. ಎಲೆಯಲ್ಲಿ ಐದರಿಂದ ಏಳು ಸಣ್ಣ ಎಲೆಗಳು ಅಂಗೈಯ ಬೆರಳುಗಳ ಹಾಗೆ ಹರಡಿಕೊಳ್ಳುತ್ತವೆ. ಡಿಜಿಟಾಟಾ ಎಂಬ ಮಾತು ಬಂದದ್ದೇ ಆ ಬೆರಳುಗಳಿಂದ.

ಮೊದಲ ಸಲ ನೋಡಿದವರಿಗೆ ಕಣ್ಣಿಗೆ ಬೀಳುವುದು ಕಾಂಡ. ಇಷ್ಟು ದಪ್ಪದ ಬೊಡ್ಡೆ ನಮ್ಮ ಕಡೆಯ ಯಾವ ಮರಕ್ಕೂ ಇಲ್ಲ. ಆಲದ ಮರ ಬಿಳಲು ಇಳಿಸಿ ಅಗಲವಾಗುತ್ತದೆ. ಇದು ಹಾಗಲ್ಲ, ತಾನೇ ಉಬ್ಬುತ್ತದೆ. ಸವಣೂರಿನ ಮರಗಳ ಸುತ್ತಳತೆ ಹತ್ತು ಮೀಟರ್ ದಾಟುತ್ತದೆ. ಏಳೆಂಟು ಜನ ಕೈ ಕೈ ಹಿಡಿದು ನಿಂತರೆ ಒಂದು ಸುತ್ತು ಆದೀತು. ತೊಗಟೆ ನುಣುಪಾಗಿ, ಬೂದು ಬಣ್ಣದಲ್ಲಿ, ಆನೆಯ ಚರ್ಮದ ಹಾಗೆ ಮಡಿಕೆ ಮಡಿಕೆಯಾಗಿ ಇರುತ್ತದೆ. ತಮಿಳಿನಲ್ಲಿ ಇದನ್ನು ಆನೈಪ್ಪುಳಿ, ಅಂದರೆ ಆನೆ ಹುಣಸೆ ಅನ್ನುತ್ತಾರೆ. ನೋಡಿದರೆ ಹಾಗೇ ಅನ್ನಿಸುತ್ತದೆ.

ಆ ಉಬ್ಬಿದ ಕಾಂಡದ ತುಂಬ ನೀರು. ಕಟ್ಟಿಗೆ ಸ್ಪಂಜಿನ ಹಾಗೆ ಮೆತ್ತಗೆ. ಎಲೆ ಉದುರಿಸಿ ಬೇಸಿಗೆ ಕಳೆಯುತ್ತದೆ, ಮಳೆ ಬಂದರೆ ಚಿಗುರುತ್ತದೆ. ತೊಗಟೆ ಸುಲಿದರೂ ಮತ್ತೆ ಬೆಳೆಸಿಕೊಳ್ಳುತ್ತದೆ. ಬೇರೆ ಮರಗಳು ಸುತ್ತಲೂ ತೊಗಟೆ ಸುಲಿದರೆ ಸಾಯುತ್ತವೆ ಅಲ್ವಾ, ಇದು ಸಾಯುವುದಿಲ್ಲ. ಬಿಳಿ ಹೂವು ಸಂಜೆ ಅರಳುತ್ತದೆ. ರಾತ್ರಿ ಬಾವಲಿಗಳು ಬಂದು ಪರಾಗ ಹರಡುತ್ತವೆ. ಕಾಯಿ ಉದ್ದ ದೇಟಿಗೆ ನೇತಾಡುತ್ತದೆ. ಅದರ ಗಟ್ಟಿ ಚಿಪ್ಪಿನೊಳಗೆ ಬಿಳಿ ಹಿಟ್ಟಿನಂಥ ತಿರುಳು.

ಹೆಸರಿಟ್ಟದ್ದು ನಾಲಿಗೆ

ಆ ತಿರುಳು ಹುಳಿ. ಬಾಯಲ್ಲಿ ನೀರೂರಿಸುವ ಹುಳಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಊರಿಗೆ ಗೊತ್ತೇ ಇಲ್ಲದ ಒಂದು ಮರ ಬಂದಾಗ ಜನ ಅದಕ್ಕೆ ಏನು ಹೆಸರಿಡುತ್ತಾರೆ? ಗೊತ್ತಿರುವುದರ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಕಾಂಡ ಯಾವುದಕ್ಕೂ ಹೋಲಲಿಲ್ಲ. ಎಲೆಗೆ ಬೂರುಗದ ಹೋಲಿಕೆ ಇತ್ತು. ಆದರೂ ಹೆಸರು ಬಂದದ್ದು ರುಚಿಯಿಂದ. ಯಾರೋ ಕಾಯಿ ಒಡೆದರು, ತಿರುಳು ಚೀಪಿದರು, ಇದು ಹುಣಸೆ ಅಂದರು. ಮರ ದೊಡ್ಡದು, ಆದ್ದರಿಂದ ದೊಡ್ಡ ಹುಣಸೆ.

ಇದು ಸವಣೂರಿನವರಿಗೆ ಮಾತ್ರ ಹೊಳೆದದ್ದಲ್ಲ. ಹಿಂದಿಯಲ್ಲಿ ಇದು ಗೋರಖ್ ಇಮ್ಲಿ, ಗೋರಖನಾಥನ ಹುಣಸೆ. ಮರಾಠಿಯಲ್ಲಿ ಗೋರಖ ಚಿಂಚ. ಮಧ್ಯಪ್ರದೇಶದ ಮಾಂಡುವಿನಲ್ಲಿ ಖುರಾಸಾನಿ ಇಮ್ಲಿ. ಒಬ್ಬರಿಗೊಬ್ಬರ ಪರಿಚಯವೇ ಇಲ್ಲದ ಊರುಗಳು ಹುಣಸೆಯನ್ನೇ ಹಿಡಿದುಕೊಂಡಿವೆ. ಆದರೆ ಹಿಂದೆ ಸೇರಿಸಿದ ಮಾತು ನೋಡಿ. ಒಂದು ಕಡೆ ಅಲೆದಾಡುವ ನಾಥ ಯೋಗಿ, ಇನ್ನೊಂದು ಕಡೆ ಖುರಾಸಾನ್ ಎಂಬ ದೂರದ ದೇಶ. ಇದು ನಮ್ಮ ಹುಣಸೆಯಲ್ಲ, ಬೇರೆ ಕಡೆಯಿಂದ ಬಂದ ಹುಣಸೆ ಎಂದು ಹೆಸರೇ ಹೇಳುತ್ತಿದೆ.

ನಮ್ಮ ಮಾಮೂಲಿ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ. ಅದು ಬಂದು ಎಷ್ಟೋ ಕಾಲವಾಯಿತು, ಮನೆಮಗಳಾಯಿತು. ಬಾವೋಬಾಬ್ ಇನ್ನೂ ನೆಂಟರ ಸಾಲಿನಲ್ಲೇ ಇದೆ.

ಕೃಷ್ಣ ಯಾಕೆ ಬಂದ

ಈಗ ಮುಖ್ಯ ಕಥೆಗೆ ಬರೋಣ. ರಾಮ ಅಲ್ಲ, ಪಾಂಡವರಲ್ಲ, ಸ್ಥಳದ ಯಾವ ಶರಣರೂ ಅಲ್ಲ. ಕೃಷ್ಣನೇ ಯಾಕೆ?

ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಶ್ರೀಕೃಷ್ಣ ಪಾರಿಜಾತದ ಬಯಲಾಟವನ್ನು ರಾತ್ರಿಯಿಡೀ ಕೂತು ನೋಡಿದ ನಾಡು ಇದು. ನಾರದ ಒಂದು ಪಾರಿಜಾತದ ಹೂ ತರುತ್ತಾನೆ. ಅದು ರುಕ್ಮಿಣಿಯ ಪಾಲಾಗುತ್ತದೆ. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಕೊನೆಗೆ ಕೃಷ್ಣ ಇಂದ್ರನ ಲೋಕದಿಂದ ಮರವನ್ನೇ ತಂದುಬಿಡುತ್ತಾನೆ. ನಮ್ಮ ಪುರಾಣಗಳಲ್ಲಿ ಬೇರೆ ಲೋಕದ ಮರವನ್ನು ಹೊತ್ತು ತರುವ ದೇವರು ಎಂದರೆ ಕೃಷ್ಣ. ಹಾಗಾಗಿ ಎಲ್ಲಿಂದಲೋ ಬಂದಂತೆ ಕಾಣುವ ಮರವೊಂದು ಊರ ನಡುವೆ ನಿಂತಿದ್ದರೆ, ಅದನ್ನು ತಂದವನು ಕೃಷ್ಣನೇ ಆಗಿರಬೇಕು. ಕಥೆ ಕಟ್ಟಿದವರ ಲೆಕ್ಕ ಸರಿಯಾಗಿಯೇ ಇದೆ.

ಇದು ಸುಮ್ನೆ ನನ್ನ ಊಹೆ ಅನ್ನಿಸಿದರೆ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರ್ ನೋಡಿ. ಅಲ್ಲೂ ಒಂದು ಹಳೆಯ ಬಾವೋಬಾಬ್ ಇದೆ. ಅಲ್ಲಿ ಅದರ ಹೆಸರೇ ಪಾರಿಜಾತ. ಕುಂತಿಯ ಪೂಜೆಗಾಗಿ ಅರ್ಜುನ ಸ್ವರ್ಗದಿಂದ ತಂದ ಮರ ಎಂದು ಕೆಲವರು, ಕೃಷ್ಣ ತಂದದ್ದು ಎಂದು ಕೆಲವರು ಹೇಳುತ್ತಾರೆ. ಪಾರಿಜಾತ ಎಂದು ನಾವು ಕರೆಯುವ, ಬೆಳಗ್ಗೆ ಅಂಗಳದಲ್ಲಿ ಉದುರಿ ಬೀಳುವ ಹೂವಿನ ಗಿಡಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಅಂತರದ ಎರಡು ಊರುಗಳು ಒಂದೇ ದಾರಿಯಲ್ಲಿ ಯೋಚಿಸಿವೆ. ಹೊರಗಿನ ಮರ, ತಂದು ನೆಟ್ಟ ಮರ, ಆದ್ದರಿಂದ ಪಾರಿಜಾತದ ಕಥೆ.

ಇದೇ ಜಾತಿಯ ಮರಕ್ಕೆ ವಿಜಯಪುರದಲ್ಲಿ ಅಂಟಿಕೊಂಡ ಕಥೆ ಬೇರೆ. ಅಪರಾಧಿಗಳನ್ನು ನೇಣಿಗೆ ಹಾಕುತ್ತಿದ್ದ ಮರ ಎಂದು. ಅದು ರಾಜಧಾನಿ, ಅಲ್ಲಿ ಜನರಿಗೆ ಮರದ ನೆರಳಿನಲ್ಲಿ ಕಂಡದ್ದು ಅಧಿಕಾರ. ಸವಣೂರಿನ ಮರ ಮಠದ ಅಂಗಳದಲ್ಲಿದೆ. ಇಲ್ಲಿ ಕಂಡದ್ದು ದೇವರು. ಮರ ನಿಂತ ಜಾಗವೂ ಕಥೆಯ ಅರ್ಧ ಕೆಲಸ ಮಾಡುತ್ತದೆ.

ಆದರೆ ಸವಣೂರಿನ ಕಥೆಯಲ್ಲಿ ಒಂದು ಮಾತು ಉಳಿದ ಕಥೆಗಳಲ್ಲಿ ಇಲ್ಲ. ಕೃಷ್ಣ ಸ್ವರ್ಗದಿಂದ ತರಲಿಲ್ಲ. ಆಫ್ರಿಕಾದಿಂದ ತಂದ.

ಪುರಾಣದ ಕೃಷ್ಣನಿಗೆ ಆಫ್ರಿಕಾ ಎಂಬ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಆ ಹೆಸರು ನಮ್ಮ ಹಳ್ಳಿಗಳಿಗೆ ಬಂದದ್ದು ಶಾಲೆಯ ಗೋಡೆಯ ನಕ್ಷೆಯ ಜೊತೆ. ಅಂದರೆ ಕಥೆಯ ಈ ರೂಪ ತೀರಾ ಹಳೆಯದಲ್ಲ. ಇದು ಆಫ್ರಿಕಾದ ಮರ ಎಂದು ಯಾರೋ ತಿಳಿದವರು ಊರಿಗೆ ಹೇಳಿದ್ದಾರೆ. ಊರು ಆ ಮಾತನ್ನು ತಳ್ಳಿಹಾಕಲಿಲ್ಲ. ಕೃಷ್ಣನನ್ನೂ ಕೈಬಿಡಲಿಲ್ಲ. ಸ್ವರ್ಗ ಇದ್ದ ಜಾಗದಲ್ಲಿ ಆಫ್ರಿಕಾವನ್ನು ಕೂರಿಸಿತು.

ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಇದು. ಐತಿಹ್ಯ ಎಂದರೆ ಹಳೆಯ ಕಾಲದಲ್ಲೇ ಹೆಪ್ಪುಗಟ್ಟಿದ ಮಾತು ಎಂದು ನಾವು ತಿಳಿಯುತ್ತೇವೆ. ಸವಣೂರಿನ ಕಥೆ ಹೆಪ್ಪುಗಟ್ಟಿಲ್ಲ. ಸಸ್ಯಶಾಸ್ತ್ರ ಹೇಳಿದ್ದನ್ನು ಕೇಳಿಸಿಕೊಂಡು ತನ್ನೊಳಗೆ ಸೇರಿಸಿಕೊಂಡಿದೆ.

ಐದು ಸಾವಿರದ ಲೆಕ್ಕ

ಕೃಷ್ಣ ನೆಟ್ಟದ್ದು ಎಂದ ಮೇಲೆ ವಯಸ್ಸು ತಾನಾಗಿ ಬರುತ್ತದೆ. ಪಂಚಾಂಗದ ಲೆಕ್ಕದಲ್ಲಿ ಕಲಿಯುಗ ಶುರುವಾಗಿ ಐದು ಸಾವಿರದ ನೂರು ವರ್ಷ ದಾಟಿದೆ. ಕೃಷ್ಣ ಅದಕ್ಕಿಂತ ಮುಂಚೆ. ಹಾಗಾದರೆ ಮರಕ್ಕೂ ಐದು ಸಾವಿರ.

ಇದರಲ್ಲಿ ಒಂದು ವಿಚಿತ್ರ ಹೊಂದಾಣಿಕೆ ಇದೆ. ಮಿಶೆಲ್ ಅಡಾನ್ಸನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1749ರಲ್ಲಿ ಸೆನೆಗಲ್‌ಗೆ ಹೋದ. ಈ ಮರಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿನ ಬಾವೋಬಾಬ್ ಕಾಂಡಗಳ ಮೇಲೆ ಹಿಂದಿನ ನಾವಿಕರು ಕೆತ್ತಿದ್ದ ಅಕ್ಷರಗಳನ್ನು ನೋಡಿ, ಅಷ್ಟು ವರ್ಷದಲ್ಲಿ ಮರ ಎಷ್ಟು ದಪ್ಪವಾಗಿದೆ ಎಂದು ಲೆಕ್ಕ ಹಾಕಿದ. ಅದನ್ನೇ ಹಿಂದಕ್ಕೆ ಎಳೆದು, ಅತಿ ದೊಡ್ಡ ಮರಗಳಿಗೆ 5,150 ವರ್ಷ ಎಂದ. ಪಂಚಾಂಗವೂ ಪ್ಯಾರಿಸ್ಸಿನ ವಿಜ್ಞಾನಿಯೂ ಬೇರೆ ಬೇರೆ ದಾರಿಯಲ್ಲಿ ಬಂದು ಹೆಚ್ಚುಕಡಿಮೆ ಒಂದೇ ಅಂಕಿಯ ಬಳಿ ನಿಂತರು.

ಇಬ್ಬರ ಲೆಕ್ಕವೂ ತಪ್ಪು. ಬಾವೋಬಾಬ್ ಒಂದೇ ವೇಗದಲ್ಲಿ ದಪ್ಪವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಕಾಂಡದೊಳಗಿನ ಉಂಗುರ ಎಣಿಸಿ ಅಡಾನ್ಸನ್ನನ ಅಂಕಿಯನ್ನು ಒಪ್ಪಲಿಲ್ಲ. ಆತ ಪಾದ್ರಿಯೂ ಹೌದು. ಈ ಮರ ಹನ್ನೆರಡು ಪ್ರಳಯ ತಡೆದುಕೊಳ್ಳಬಲ್ಲದು, ಆದರೆ ಈಗ ಬದುಕಿರುವ ಯಾವ ಮರವೂ ಬೈಬಲ್ಲಿನ ನೋಹನ ಕಾಲದ ಪ್ರಳಯ ಕಂಡಿರಲಾರದು ಎಂಬರ್ಥದ ಮಾತು ಬರೆದಿಟ್ಟ. ಅವರಿಗೆ ನೋಹ, ನಮಗೆ ಕೃಷ್ಣ. ಈ ಮರದ ಮುಂದೆ ನಿಂತವರು ಎಲ್ಲ ಕಡೆಯೂ ತಮ್ಮ ಧರ್ಮಗ್ರಂಥದ ಕಾಲಕ್ಕೇ ಹೋಗಿ ಮುಟ್ಟುತ್ತಾರೆ.

ಉಂಗುರ ಎಣಿಸುವುದೂ ಇಲ್ಲಿ ನಂಬುವ ದಾರಿಯಲ್ಲ. ಬಾವೋಬಾಬ್‌ನ ಉಂಗುರಗಳು ಮಸುಕು. ಒಳಗೆ ಪೊಟರೆ ಇರುತ್ತದೆ. ಒಂದೇ ಎಂದು ಕಾಣುವ ಕಾಂಡ ಎಷ್ಟೋ ಸಲ ಹಲವು ಕಾಂಡಗಳು ಬೆಸೆದುಕೊಂಡು ಆದದ್ದು. ಹಾಗಾಗಿ ಈಗ ನಂಬುವುದು ಕಾರ್ಬನ್ ಡೇಟಿಂಗ್ ಅನ್ನು. ಹಾಗೆ ಅಳೆದ ಬಾವೋಬಾಬ್‌ಗಳಲ್ಲಿ ಅತಿ ಹಳೆಯದು ಜಿಂಬಾಬ್ವೆಯ ಪಾಂಕೆ ಮರ, ಸುಮಾರು 2,450 ವರ್ಷ. ಅದು 2011ರ ಹೊತ್ತಿಗೆ ಸತ್ತಿತು. ಭಾರತದಲ್ಲಿ ಪ್ರಯಾಗರಾಜ್ ಹತ್ತಿರದ ಝೂಂಸಿಯ ಮರವನ್ನು ಅಳೆದಾಗ ಬಂದದ್ದು ಎಂಟುನೂರು ವರ್ಷದ ಆಸುಪಾಸು. ಕಾಂಡ ನೋಡಿ ಸಾವಿರಗಟ್ಟಲೆ ಅಂದುಕೊಂಡಿದ್ದ ಮರ ಅದೂ.

ಇದರ ಅರ್ಥ ಸವಣೂರಿನ ಮರಕ್ಕೆ ಬೆಲೆ ಕಡಿಮೆ ಎಂದಲ್ಲ. ವಯಸ್ಸು ಕಡಿಮೆ ಎಂದರೆ ಮರದ ಮಾನ ಹೋಯಿತು ಎಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಉಲ್ಟಾ ಅನ್ನಿಸುತ್ತದೆ. ಐದು ಸಾವಿರ ಅಂದಾಗ ಅದು ಮನುಷ್ಯರ ಕೈ ಮುಟ್ಟದ ವಸ್ತು. ಕೆಲವು ನೂರು ವರ್ಷ ಅಂದ ಕೂಡಲೇ ಅದನ್ನು ತಂದ ಮನುಷ್ಯರನ್ನು ಹುಡುಕಬಹುದು.

ತಂದ ಕೈಗಳು

2015ರಲ್ಲಿ ಭಾರತದ ಬಾವೋಬಾಬ್‌ಗಳ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಆಫ್ರಿಕಾದ ಬೇರೆ ಬೇರೆ ಕಡೆಯ ಮರಗಳ ಜೊತೆ ಹೋಲಿಸಿ ನೋಡಿದ್ದರು. ಈ ಮರ ಇಲ್ಲಿಗೆ ಒಂದೇ ಸಲ ಬಂದದ್ದಲ್ಲ, ಬೇರೆ ಬೇರೆ ಕಾಲದಲ್ಲಿ ಹಲವು ಸಲ ಬಂದಿದೆ ಎಂದು ತಿಳಿಯಿತು. ಮರ ಬಂದದ್ದನ್ನು ಅಧ್ಯಯನ ಮಾಡಿದವರು ಆಫ್ರಿಕನ್ನರು ಬಂದದ್ದರ ಜೊತೆ ಜೋಡಿಸುತ್ತಾರೆ. ವ್ಯಾಪಾರಿಗಳು, ನಾವಿಕರು, ಸೈನಿಕರು, ಗುಲಾಮರಾಗಿ ಬಂದವರು.

ದಖ್ಖನ್‌ನಲ್ಲಿ ಈ ಜನರ ಹೆಜ್ಜೆ ಎಲ್ಲೆಲ್ಲೂ ಇದೆ. ಹಬ್ಶಿಗಳು ಎಂದು ಕರೆಯಿಸಿಕೊಂಡ ಇವರು ಸುಲ್ತಾನರ ಸೇನೆಗಳಲ್ಲಿದ್ದರು. ಅಹಮದ್‌ನಗರದಲ್ಲಿ ಆಳಿದ ಮಲಿಕ್ ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದವನು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ದೊಡ್ಡ ಅಧಿಕಾರಕ್ಕೇರಿದ. ಆದಿಲ್‌ಶಾಹಿಯಲ್ಲೇ ಬೆಳೆದ ಪಠಾಣ ಮನೆತನದವರು ಸವಣೂರಿನ ನವಾಬರು. ಇದೇ ಆಳ್ವಿಕೆಯ ಸಂಪರ್ಕದ ಎಳೆಗಳು ಸವಣೂರಿನವರೆಗೂ ಚಾಚಿದ್ದವು. ಸವಣೂರಿನಿಂದ ಪಶ್ಚಿಮಕ್ಕೆ ಹೊರಟರೆ ಮುಂಡಗೋಡ, ಯಲ್ಲಾಪುರ, ಹಳಿಯಾಳ. ಅಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಇಂದಿಗೂ ಇದ್ದಾರೆ. ಅವರಲ್ಲಿ ಬಹಳ ಜನರ ಹಿರಿಯರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು.

ಸವಣೂರಿನ ಮೂರು ಮರಗಳನ್ನು ಇಂಥವರೇ ನೆಟ್ಟರು ಎಂದು ನಾನು ಹೆಸರು ಹಿಡಿದು ಹೇಳಲು ಹೊರಟಿಲ್ಲ. ಆದರೆ ಆಫ್ರಿಕಾ ಎಂಬ ಮಾತನ್ನು ಒಳಗೆ ಬಿಟ್ಟುಕೊಂಡ ಕಥೆ ಆಫ್ರಿಕಾದ ಮನುಷ್ಯರನ್ನು ಮಾತ್ರ ಹೊರಗೇ ನಿಲ್ಲಿಸಿದೆ. ಇದು ನನಗೆ ನೋವಿನ ಸಂಗತಿ. ಮರ ಅಲ್ಲಿಂದ ಬಂತು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿಂದ ಬಂದ ಜನರ ಮಕ್ಕಳು ಎರಡು ತಾಲ್ಲೂಕು ಆಚೆ ಇದ್ದಾರೆ. ಅವರಲ್ಲಿ ಯಾರಾದರೂ ಮಠಕ್ಕೆ ಬಂದು ಮರದ ಮುಂದೆ ನಿಂತರೆ, ಊರಿನವರಿಗೆ ಹೊಳೆಯದ ಒಂದು ನಂಟು ಅವರಿಗೆ ಹೊಳೆಯಬಹುದು.

ಕಥೆ ಆಫ್ರಿಕಾವನ್ನು ಸೇರಿಸಿಕೊಂಡಿತು ಎಂದಾದರೆ ಇದನ್ನೂ ಸೇರಿಸಿಕೊಳ್ಳಬಲ್ಲದು. ಕೃಷ್ಣನನ್ನು ಕಳಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಕೃಷ್ಣನ ಜೊತೆ ನಡೆದು ಬಂದವರನ್ನೂ ಹೇಳಿ ಎನ್ನುತ್ತೇನೆ.

ಬಿದ್ದದ್ದು, ಎದ್ದದ್ದು

ಕೃಷ್ಣನ ಕಥೆ ಮರಕ್ಕೆ ಮಾಡಿದ ಉಪಕಾರ ಏನು ಎಂದು ಕೇಳಿದರೆ ನಾನು 2023ರ ಆ ಕ್ರೇನ್ ತೋರಿಸುತ್ತೇನೆ. ಬಾವೋಬಾಬ್‌ನ ಕಟ್ಟಿಗೆ ಮನೆ ಕಟ್ಟಲು ಬಾರದು, ಒಲೆಗೂ ಒಳ್ಳೆಯದಲ್ಲ. ಬರೀ ಲೆಕ್ಕಾಚಾರದಲ್ಲಿ ನೋಡಿದರೆ ಅದನ್ನು ಎತ್ತಿ ನಿಲ್ಲಿಸಲು ಕಾರಣವೇ ಇಲ್ಲ. ದೇವರು ನೆಟ್ಟ ಮರ ಎಂಬ ಮಾತು ಊರಿನ ನಾಲಿಗೆಯ ಮೇಲೆ ಇದ್ದುದರಿಂದ ಅದು ಸೌದೆಯಾಗಲಿಲ್ಲ.

ಬಿದ್ದದ್ದು ಯಾಕೆ ಎಂಬುದನ್ನೂ ನೋಡಬೇಕು. ಇಷ್ಟು ದಪ್ಪದ ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ದೊಡ್ಡ ಬಾವೋಬಾಬ್‌ನ ಬೇರು ಹಾಗಲ್ಲ. ಮೇಲ್ಪದರದಲ್ಲೇ ಅಗಲವಾಗಿ, ಕೊಂಬೆಗಳ ನೆರಳಿಗಿಂತ ಬಹಳ ಆಚೆವರೆಗೂ ಹರಡಿರುತ್ತದೆ. ಒಣ ನಾಡಿನಲ್ಲಿ ಬಿದ್ದ ಚೂರು ಮಳೆಯನ್ನೂ ಹೀರಿಕೊಳ್ಳಲು ಅದೇ ಸರಿ. ಆದರೆ ದಿನಗಟ್ಟಲೆ ಮಳೆ ಸುರಿದು ಮಣ್ಣು ಮೆತ್ತಗಾದರೆ, ನೀರು ತುಂಬಿದ ಕಾಂಡದ ಭಾರಕ್ಕೆ ಅದೇ ಬೇರು ಸಾಲುವುದಿಲ್ಲ. ಆಫ್ರಿಕಾದಲ್ಲೂ ದೊಡ್ಡ ಬಾವೋಬಾಬ್‌ಗಳು ಉರುಳುತ್ತಿವೆ. ಅಲ್ಲಿನ ಅತಿ ಹಳೆಯ ಹದಿಮೂರು ಮರಗಳಲ್ಲಿ ಒಂಬತ್ತು ಮರಗಳು ಪೂರ್ತಿಯಾಗಿ ಇಲ್ಲವೇ ಭಾಗಶಃ ಸತ್ತಿವೆ ಎಂದು 2018ರಲ್ಲಿ ವಿಜ್ಞಾನಿಗಳು ಬರೆದರು.

ಹಾಗಾಗಿ ಉಳಿದ ಎರಡು ಮರಗಳಿಗೆ ಬೇಕಾದದ್ದು ಬುಡದ ಸುತ್ತ ದೊಡ್ಡ ಜಾಗ. ಭಕ್ತಿ ಇದ್ದಲ್ಲಿ ಕಟ್ಟೆ ಕಟ್ಟುವುದು ನಮ್ಮ ರೂಢಿ. ಬುಡಕ್ಕೆ ಸಿಮೆಂಟು ಹಾಕಿ, ಕಲ್ಲು ಹಾಸಿ, ಸುತ್ತು ಬರಲು ದಾರಿ ಮಾಡುತ್ತೇವೆ. ಅಶ್ವತ್ಥ ಅದನ್ನು ಸಹಿಸಿಕೊಳ್ಳುತ್ತದೆ, ಕಟ್ಟೆಯನ್ನೇ ಸೀಳಿ ಬೆಳೆಯುತ್ತದೆ. ಮೇಲ್ಪದರದಲ್ಲಿ ಬೇರು ಹರಡಿದ ಈ ಮರಕ್ಕೆ ಅದು ಕೇಡು. ಇಲ್ಲಿ ಪೂಜೆ ಎಂದರೆ ಮಣ್ಣನ್ನು ಹಾಗೇ ಬಿಡುವುದು, ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು, ಗಾಡಿ ನಿಲ್ಲಿಸದೆ ಇರುವುದು. ಕಾಂಡದ ಮೇಲೆ ಹೆಸರು ಕೆತ್ತಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸ ಬೀಜದಿಂದ ಹೊಸ ಗಿಡ ಎಬ್ಬಿಸುವುದು. ಬಾವೋಬಾಬ್ ಬೀಜ ಸುಮ್ನೆ ಮಣ್ಣಿಗೆ ಹಾಕಿದರೆ ಏಳುವುದು ಕಷ್ಟ. ಸಿಪ್ಪೆ ಅಷ್ಟು ಗಟ್ಟಿ. ಬಿಸಿನೀರಿನಲ್ಲಿ ನೆನೆಸಬೇಕು, ಇಲ್ಲವೇ ಸಿಪ್ಪೆಯನ್ನು ಸ್ವಲ್ಪ ಕೆರೆಯಬೇಕು. ಮೊಳೆತ ಮೇಲೂ ಗುರುತು ಸಿಗುವುದಿಲ್ಲ. ಎಳೆ ಗಿಡಕ್ಕೆ ಅಂಗೈ ಆಕಾರದ ಎಲೆ ಇರುವುದಿಲ್ಲ. ಒಂದೊಂದೇ ಸಾದಾ ಎಲೆ ಬರುತ್ತದೆ. ಕಾಂಡ ಕಡ್ಡಿಯ ಹಾಗೆ. ಬುಡದಲ್ಲಿ ಮಣ್ಣೊಳಗೆ ಬೇರು ಗೆಡ್ಡೆಯ ಹಾಗೆ ಉಬ್ಬಿರುತ್ತದೆ, ಅದು ಮೇಲೆ ಕಾಣುವುದಿಲ್ಲ. ಗೊತ್ತಿಲ್ಲದವರು ಕಳೆ ಎಂದು ಕಿತ್ತು ಎಸೆಯುತ್ತಾರೆ. ಇಲ್ಲವೇ ದನ ತಿಂದುಬಿಡುತ್ತದೆ.

ಸವಣೂರಿನಲ್ಲಿ ಆ ಮೂರು ಗಿಡಗಳೂ ಒಂದು ಕಾಲದಲ್ಲಿ ಹಾಗೇ ಇದ್ದವು. ಸಾದಾ ಎಲೆಯ ಮೂರು ಕಡ್ಡಿಗಳು. ಅವು ಏನಾಗಲಿವೆ ಎಂದು ಊರಿನಲ್ಲಿ ಉಳಿದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಯಾರೋ ಪಕ್ಕದಲ್ಲಿದ್ದರು, ಕೀಳಬೇಡಿ ಅಂದರು, ದನ ಓಡಿಸಿದರು.